ಇಪ್ಪತ್ತೈದು ವರ್ಷದ ಮೇಲೆ ಕಾಲೇಜಿಗೆ: ಹೋಗಲಾ, ಬೇಡವಾ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ದಾವಣಗೆರೆಯಲ್ಲಿದ್ದೇನೆ. 1997ರಿಂದ 2000ರವರೆಗೆ ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ ಓದಿದೆ, ಹಾಸ್ಟೆಲ್‌ನಲ್ಲಿದ್ದೆ. ನಮ್ಮ ಬ್ಯಾಚಿನ ಬೆಳ್ಳಿಹಬ್ಬ ಅಂತ ಬರುವ ತಿಂಗಳು ಎರಡು ದಿನದ ಸಮ್ಮಿಲನ ಇಟ್ಟಿದ್ದಾರೆ. ಶನಿವಾರ ಕಾಲೇಜಿನಲ್ಲಿ ಗುರುವಂದನೆ, ಭಾನುವಾರ ರೆಸಾರ್ಟ್‌ನಲ್ಲಿ ಊಟ, ಆಟ. ತಲೆಗೆ 3,500 ರೂಪಾಯಿ.

ಓದುವಾಗ ಕ್ಲಾಸಿಗೆ ನಾನೇ ಫಸ್ಟ್. ಫಿಸಿಕ್ಸ್ ಸರ್ "ಈ ಹುಡುಗಿ ಮುಂದೆ ಕಾಲೇಜಿಗೆ ಹೆಸರು ತರ್ತಾಳೆ" ಅಂತ ಎಲ್ಲರೆದುರು ಹೇಳುತ್ತಿದ್ದರು. ಎಂ.ಎಸ್ಸಿಗೆ ಸೇರಿದೆ. ಮೊದಲ ವರ್ಷದಲ್ಲೇ ಮದುವೆ ಆಯ್ತು, ಓದು ಅಲ್ಲಿಗೇ ನಿಂತಿತು. ಯಜಮಾನರ ಎಲೆಕ್ಟ್ರಿಕಲ್ ಅಂಗಡಿ ಕೋವಿಡ್ ಸಮಯದಲ್ಲಿ ಮುಚ್ಚಿತು, ಈಗ ಬೇರೆಯವರ ಅಂಗಡಿಯಲ್ಲಿ ಕೆಲಸ. ನಾನು ಏನೂ ಮಾಡ್ತಿಲ್ಲ. 11 ವರ್ಷದಿಂದ ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳ್ತೀನಿ, ವರ್ಷಕ್ಕೆ ಇಪ್ಪತ್ತು ಮಕ್ಕಳು, ಅಷ್ಟೇ.

ವಾಟ್ಸಾಪ್ ಗ್ರೂಪಿನಲ್ಲಿ 74 ಜನ ಇದ್ದೇವೆ. ಒಬ್ಬರು ಅಮೆರಿಕದ ಮನೆ ಹಾಕ್ತಾರೆ, ಇನ್ನೊಬ್ಬರು ಹೊಸ ಕಾರು. ನಾನು ದಪ್ಪ ಆಗಿದ್ದೀನಿ, ಕೂದಲು ಹಣ್ಣಾಗಿದೆ. ಹದಿನೈದು ದಿನದಿಂದ ನಿದ್ದೆ ಇಲ್ಲ, ರಾತ್ರಿ ಎದೆ ಹೊಡೆದುಕೊಳ್ಳುತ್ತೆ. ಯಜಮಾನರು "ಹೋಗಿ ಬಾ" ಅಂತಾರೆ. ಯಾರಾದರೂ "ಈಗ ಏನು ಮಾಡ್ತಿದ್ದೀಯ" ಅಂದರೆ ಏನು ಹೇಳಲಿ? ಸರ್ ಮುಖ ಹೇಗೆ ನೋಡಲಿ?

ಇನ್ನೊಂದು ವಿಷಯ. ನನ್ನ ರೂಮ್‌ಮೇಟ್ ಕೂಡ ಬರ್ತಿದ್ದಾಳೆ. ಅವಳ ಅಪ್ಪ ಗದಗಿನ ಕಡೆಯವರು. ಭಾನುವಾರ ಬಂದರೆ ಇಬ್ಬರಿಗೂ ಅಂತ ರೊಟ್ಟಿ, ಶೇಂಗಾ ಚಟ್ನಿ ಬುಟ್ಟಿ ತುಂಬ ತರುತ್ತಿದ್ದರು. 2003ರಲ್ಲಿ ಅವರು ತೀರಿಕೊಂಡರು. ನಾನು ಆಗ ಏಳು ತಿಂಗಳ ಬಸುರಿ. ಸಾವಿನ ಮನೆಗೆ ಹೋಗಬಾರದು ಅಂದರು. ಹೋಗಲಿಲ್ಲ. ಫೋನೂ ಮಾಡಲಿಲ್ಲ. ಆಮೇಲೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಅಂತ ಸುಮ್ಮನಾದೆ. 22 ವರ್ಷ ಆಯ್ತು. ಹೋಗಲಾ, ಬೇಡವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಅದು 74 ಜನರ ಬಗ್ಗೆ ಇದೆ ಅನ್ನಿಸಿತು. ಎರಡನೆಯ ಸಲ ಓದಿದಾಗ ಅದು ಒಬ್ಬರ ಬಗ್ಗೆ ಇದೆ ಅಂತ ಗೊತ್ತಾಯಿತು.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಪ್ತಸಮಾಲೋಚನೆಯ ಕೆಲಸ ಮಾಡಿದ್ದೇನೆ. ಒಂದು ಗಂಟೆ ಮಾತಾಡಿ, ಎದ್ದು, ಚಪ್ಪಲಿ ಮೆಟ್ಟುವಾಗ "ಇನ್ನೊಂದು ವಿಷಯ ಮೇಡಂ" ಅನ್ನುವವರು ತುಂಬ ಜನ. ಎಷ್ಟೋ ಸಲ ಅವರು ಬಂದಿದ್ದೇ ಆ ವಿಷಯಕ್ಕೆ. ನೀವೂ ಗೆಳತಿಯ ಮಾತನ್ನು ಕೊನೆಗೆ ಇಟ್ಟಿದ್ದೀರಿ. ಅದನ್ನು ನಾನೂ ಕೊನೆಗೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಜಾಸ್ತಿ ಜಾಗ ಬೇಕು, ಹಾಗಾಗಿ ಬೇರೆ ಚಿಂತೆಗಳನ್ನು ಮೊದಲು ಮುಗಿಸೋಣ.

ಮೊದಲು ಆ ಗ್ರೂಪು. ಒಂದು ಚಿಕ್ಕ ಕೆಲಸ ಮಾಡಿ. ಒಂದು ವಾರ, ಯಾರು ಯಾರು ಬರೆದರು ಅಂತ ಹೆಸರು ಎಣಿಸಿ. ನನ್ನ ಹತ್ತಿರ ಈ ಚಿಂತೆ ತಂದ ಹಲವರಿಂದ ಇದನ್ನು ಮಾಡಿಸಿದ್ದೇನೆ. ಎಪ್ಪತ್ತು ಜನರ ಗ್ರೂಪಿನಲ್ಲಿ ಬರೆಯುವವರು ಎಂಟೋ ಹತ್ತೋ ಜನ ಇರುತ್ತಾರೆ. ಮನೆ, ಕಾರು ಹಾಕುವವರು ಅದರಲ್ಲೂ ಮೂರು ನಾಲ್ಕು. ಉಳಿದ ಅರವತ್ತು ಜನ ಸುಮ್ನೆ ನೋಡುತ್ತಿರುತ್ತಾರೆ. ಅವರಲ್ಲಿ ಗಂಡ ಹೋದವರು ಇರುತ್ತಾರೆ, ಕೆಲಸ ಹೋದವರು ಇರುತ್ತಾರೆ, ಮಕ್ಕಳ ಚಿಂತೆಯಲ್ಲಿ ಸೋತವರು ಇರುತ್ತಾರೆ. ಅವರೂ ನಿಮ್ಮ ಹಾಗೇ "ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳೇ ಹೀಗೆ" ಅಂದುಕೊಂಡು ಫೋನ್ ಕೆಳಗಿಡುತ್ತಾರೆ. ಅವರ ಲೆಕ್ಕದಲ್ಲಿ ನೀವು ಆ ಚೆನ್ನಾಗಿರುವ "ಎಲ್ಲರಲ್ಲಿ" ಒಬ್ಬರು. ನೀವೂ ಏನೂ ಬರೆದಿಲ್ಲವಲ್ಲ!

ಹೋಲಿಸಿಕೊಳ್ಳುವುದು ನಿಮ್ಮೊಬ್ಬರ ದೌರ್ಬಲ್ಯ ಅಲ್ಲ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದರ ಬಗ್ಗೆ ಬರೆದರು. ಮನುಷ್ಯರು ತಮ್ಮನ್ನು ಅಳೆಯಲು ತಮ್ಮಂಥವರನ್ನೇ ಹುಡುಕುತ್ತಾರೆ ಎಂಬುದು ಅವರ ಮಾತಿನ ಸಾರ. ಕೋಟ್ಯಧಿಪತಿಯ ಮನೆ ನೋಡಿ ನಮಗೆ ಏನೂ ಅನ್ನಿಸುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು, ನಮ್ಮ ನೋಟ್ಸ್ ಇಸಿದುಕೊಂಡು ಬರೆದವಳ ಮನೆ ನೋಡಿದರೆ ಚುಚ್ಚುತ್ತದೆ. ಒಂದೇ ಗೆರೆಯಿಂದ ಓಟ ಶುರು ಮಾಡಿದೆವು ಅನ್ನುವ ಭಾವನೆ ಅದು. ಆದರೆ ಆ ಗೆರೆ ನಿಜಕ್ಕೂ ಒಂದೇ ಆಗಿತ್ತಾ? ಒಬ್ಬರಿಗೆ ಎಂ.ಎಸ್ಸಿ ಮುಗಿಸುವವರೆಗೆ ಮನೆಯವರು ಕಾದರು, ನಿಮಗೆ ಕಾಯಲಿಲ್ಲ. ಇದು ಬುದ್ಧಿಯ ಲೆಕ್ಕ ಅಲ್ಲವೇ ಅಲ್ಲ. ನಿಮ್ಮ ಜೊತೆಯ ಎಷ್ಟೋ ಹೆಣ್ಣುಮಕ್ಕಳ ಕಥೆ ಇದೇ ಇರುತ್ತದೆ. ಗ್ರೂಪಿನಲ್ಲಿ ಮಾತಿಲ್ಲದ ಹೆಸರುಗಳಲ್ಲಿ ಹೆಂಗಸರೇ ಜಾಸ್ತಿ ಇದ್ದಾರಾ ಅಂತಲೂ ಒಮ್ಮೆ ನೋಡಿ.

ಇನ್ನು ದಪ್ಪ ಆಗಿದ್ದು, ಕೂದಲು ಹಣ್ಣಾಗಿದ್ದು. ನಾವು ಅಂದುಕೊಂಡಷ್ಟು ಜನ ನಮ್ಮನ್ನು ಗಮನಿಸುವುದಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು, ನೀವು ಡಿಗ್ರಿ ಮುಗಿಸಿದ ವರ್ಷವೇ. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ನಿಮ್ಮ ಟೀ ಶರ್ಟ್ ಗಮನಿಸಿರಬಹುದು ಎಂದು ಆಮೇಲೆ ಕೇಳಿದರು. ಹೆಚ್ಚುಕಡಿಮೆ ಅರ್ಧ ಜನ ಅಂದರು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದಷ್ಟು. ಧಾರವಾಡದ ಆ ಸಭಾಂಗಣದಲ್ಲೂ ಇದೇ ನಡೆಯುತ್ತದೆ. ಎಪ್ಪತ್ತು ಜನರೂ ತಮ್ಮ ತಮ್ಮ ಹೊಟ್ಟೆ ಒಳಗೆ ಎಳೆದುಕೊಳ್ಳುವುದರಲ್ಲಿ ಇರುತ್ತಾರೆ.

ಗುರುತು ಸಿಗುವುದೋ ಇಲ್ಲವೋ ಅನ್ನುವುದು ಬೇರೆ ಮಾತು. ಹಳೆಯ ಸಹಪಾಠಿಗಳ ನೆನಪಿನ ಬಗ್ಗೆ ಅಮೆರಿಕದಲ್ಲೇ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲಿ ದೊಡ್ಡ ಅಧ್ಯಯನ ಪ್ರಕಟಿಸಿದರು. ಸುಮಾರು 400 ಜನರಿಗೆ ಅವರ ಶಾಲೆಯ ದಿನಗಳ ಫೋಟೋ ಪುಸ್ತಕದಿಂದ ಮುಖಗಳನ್ನು ತೋರಿಸಿದರು. ಶಾಲೆ ಬಿಟ್ಟು ಮೂವತ್ತು ವರ್ಷ ದಾಟಿದವರೂ ಹತ್ತರಲ್ಲಿ ಒಂಬತ್ತು ಮುಖಗಳನ್ನು ಗುರುತಿಸಿದರು. ಏನೂ ಸುಳಿವಿಲ್ಲದೆ ಹೆಸರು ನೆನಪಿಸಿಕೊಳ್ಳಿ ಅಂದಾಗ ಮಾತ್ರ ತಡವರಿಸಿದರು. ಗಮನಿಸಿ, ಅವರು ಗುರುತಿಸಿದ್ದು ಅಂದಿನ ಮುಖವನ್ನು, ಇಂದಿನ ಮುಖವನ್ನಲ್ಲ. ಹಾಗಾಗಿ ಯಾರಾದರೂ ನಿಮ್ಮೆದುರು ನಿಂತು ಕಣ್ಣು ಕಿರಿದು ಮಾಡಿ ನೋಡಿದರೆ "ಎಷ್ಟು ಬದಲಾಗಿದ್ದಾಳೆ" ಅಂತ ಅಳೆಯುತ್ತಿದ್ದಾರೆ ಅಂದುಕೊಳ್ಳಬೇಡಿ. ಹೆಸರು ಹುಡುಕುತ್ತಿರುತ್ತಾರೆ, ಪಾಪ. ನೀವೇ ಮೊದಲು ಹೆಸರು ಹೇಳಿಬಿಡಿ. ನಡೆಸುವವರು ಪರಿಚಯದವರಾದರೆ ಒಂದು ಸಲಹೆ ಕೊಡಿ: ಕೊರಳಿಗೆ ಹಾಕುವ ಹೆಸರಿನ ಕಾರ್ಡಿನಲ್ಲಿ ಕಾಲೇಜಿನ ದಿನದ ಫೋಟೋ ಇರಲಿ. ಆ ಒಂದು ಫೋಟೋದಿಂದ ಅರ್ಧ ಮುಜುಗರ ಹೋಗುತ್ತದೆ.

ಈಗ ನಿಮ್ಮ ಪತ್ರದ ಒಂದು ಪದದ ಹತ್ತಿರ ನಿಲ್ಲಬೇಕು. "ಅಷ್ಟೇ" ಅಂತ ಬರೆದಿದ್ದೀರಿ. "ಏನೂ ಮಾಡ್ತಿಲ್ಲ" ಅಂತ ಶುರು ಮಾಡಿ "ಅಷ್ಟೇ" ಅಂತ ಮುಗಿಸಿದ ವಾಕ್ಯದೊಳಗೆ ಏನಿದೆ ನೋಡಿ. ವರ್ಷಕ್ಕೆ ಇಪ್ಪತ್ತು ಮಕ್ಕಳಂತೆ 11 ವರ್ಷ, ಅಂದರೆ 220 ಮಕ್ಕಳು. ಪಿಯುಸಿಯಲ್ಲಿ ಫಿಸಿಕ್ಸ್ ಅಂದರೆ ಎಷ್ಟೋ ಮಕ್ಕಳಿಗೆ ಜ್ವರ ಬರುತ್ತದೆ. ಆ ಜ್ವರ ಇಳಿಸುವ ಕೆಲಸ ನಿಮ್ಮದು. ಅಂಗಡಿ ಮುಚ್ಚಿದ ವರ್ಷ ಮನೆ ನಡೆದದ್ದರಲ್ಲಿ ನಿಮ್ಮ ಟ್ಯೂಷನ್ ದುಡ್ಡೂ ಇತ್ತು ಅಂತ ನಾನು ಊಹಿಸುತ್ತೇನೆ. ಇದನ್ನು ದೊಡ್ಡದು ಮಾಡಿ ಹೇಳಿ ಅನ್ನುತ್ತಿಲ್ಲ. ಚಿಕ್ಕದು ಮಾಡಬೇಡಿ ಅನ್ನುತ್ತಿದ್ದೇನೆ.

ಯಾರಾದರೂ ಕೇಳಿದಾಗ ಹೇಳಲು ಎರಡು ವಾಕ್ಯ ಸಿದ್ಧ ಇಟ್ಟುಕೊಳ್ಳಿ. "ದಾವಣಗೆರೆಯಲ್ಲಿದ್ದೀನಿ. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತೀನಿ." ಅಲ್ಲಿಗೆ ನಿಲ್ಲಿಸಿ. "ಸುಮ್ನೆ", "ಏನೋ ಸ್ವಲ್ಪ", "ಅಷ್ಟೇ" ಯಾವುದೂ ಬೇಡ. ತಕ್ಷಣ ನೀವೂ ಏನಾದರೂ ಕೇಳಿ, ಕೆಲಸದ ಬಗ್ಗೆ ಅಲ್ಲ, ಹಳೆಯದರ ಬಗ್ಗೆ: "ಮಳೆ ಹಿಡಿದರೆ ಲ್ಯಾಬಿಗೆ ಯಾವ ದಾರಿಯಲ್ಲಿ ಓಡ್ತಿದ್ದೆವು, ನೆನಪಿದೆಯಾ?" ಮಾತು ಅಲ್ಲಿಂದ ತಾನೇ ಹೊರಳುತ್ತದೆ. ಈ ಎರಡು ವಾಕ್ಯವನ್ನು ಮನೆಯಲ್ಲಿ ಜೋರಾಗಿ ಹೇಳಿ ನೋಡಿ, ಹತ್ತು ಸಲ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಗಂಟಲು ಒಣಗಿದಾಗ ರೂಢಿಯಾದ ಮಾತು ಮಾತ್ರ ಹೊರಬರುತ್ತದೆ.

ಇಂಥ ಸಮ್ಮಿಲನಗಳಲ್ಲಿ ಪರಿಚಯದ ಸುತ್ತು ಅಂತ ಒಂದಿರುತ್ತದೆ. ಒಬ್ಬೊಬ್ಬರೇ ಮೈಕ್ ಹಿಡಿದು ಈಗ ಎಲ್ಲಿದ್ದೀನಿ, ಏನಾಗಿದ್ದೀನಿ ಅಂತ ಹೇಳಬೇಕು. ನನಗೆ ಇದು ಹಿಡಿಸುವುದಿಲ್ಲ. ಎಪ್ಪತ್ತು ಜನ ಎರಡೆರಡು ನಿಮಿಷ ಮಾತಾಡಿದರೆ ಎರಡೂಕಾಲು ಗಂಟೆ ಮೀರುತ್ತದೆ, ಅಷ್ಟರಲ್ಲಿ ಇಪ್ಪತ್ತು ಜನರಿಗೆ ನೋವಾಗಿರುತ್ತದೆ. ಅದರ ಬದಲು "ಹಾಸ್ಟೆಲ್ ಅಥವಾ ಕ್ಲಾಸಿನ ಒಂದು ನೆನಪು ಹೇಳಿ" ಅಂದರೆ ಎಲ್ಲರ ಹತ್ತಿರವೂ ಕೊಡಲು ಏನಾದರೂ ಇರುತ್ತದೆ. ಸಮ್ಮಿಲನ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚನೆ ಮಾಡಿ.

ಸರ್ ವಿಷಯಕ್ಕೆ ಬರೋಣ. ಅವರು ನಿರಾಸೆ ಪಡುತ್ತಾರೆ ಅಂತ ನಿಮ್ಮ ಭಯ. ನಿವೃತ್ತ ಮೇಷ್ಟ್ರುಗಳ ಜೊತೆ ನಾನು ಸಾಕಷ್ಟು ಮಾತಾಡಿದ್ದೇನೆ. ಹಳೆಯ ವಿದ್ಯಾರ್ಥಿ ಏನಾದ ಅನ್ನುವುದಕ್ಕಿಂತ, ನಾನು ಕಲಿಸಿದ್ದು ಅವನ ಹತ್ತಿರ ಉಳಿದಿದೆಯಾ ಅನ್ನುವುದು ಅವರಿಗೆ ಮುಖ್ಯ. ಅವರ ವಿಷಯವನ್ನೇ ನೀವು ಕಲಿಸುತ್ತಿದ್ದೀರಿ. ಅವರು ಬೋರ್ಡಿನ ಮೇಲೆ ಹಾಕಿ ತೋರಿಸಿದ ಒಂದು ಲೆಕ್ಕವನ್ನು ನೀವು ಇವತ್ತೂ ಹಾಗೇ ಹಾಕಿ ತೋರಿಸುತ್ತಿದ್ದರೆ ಅದನ್ನು ಅವರಿಗೆ ಹೇಳಿ. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲರೂ ಕೊಡುತ್ತಾರೆ. ಈ ಮಾತು ಕೊಡಲು ಆಗುವುದು ನಿಮಗೆ.

ಆದರೆ ಬೇರೊಂದಕ್ಕೆ ನೀವು ಸಿದ್ಧರಾಗಬೇಕು. ಅವರಿಗೆ ನಿಮ್ಮ ಗುರುತೇ ಸಿಗದಿರಬಹುದು. ಈಗ ಅವರಿಗೆ ವಯಸ್ಸಾಗಿದೆ, ಕೈ ಕೆಳಗೆ ಸಾವಿರಾರು ಮಕ್ಕಳು ಹೋಗಿದ್ದಾರೆ. ನೀವು 25 ವರ್ಷ ಹೊತ್ತುಕೊಂಡು ತಿರುಗಿದ ಅವರ ಆ ಮಾತು ಅವರಿಗೆ ನೆನಪೇ ಇಲ್ಲದಿರಬಹುದು. ನಿರಾಸೆಗಿಂತ ಇದು ಜಾಸ್ತಿ ನೋಯಿಸುತ್ತದೆ. ಒಬ್ಬರು ನನ್ನ ಎದುರು ಕೂತು ಇದಕ್ಕೇ ಅತ್ತಿದ್ದಾರೆ. ಮರೆತರು ಅಂದ ಮಾತ್ರಕ್ಕೆ ಅವರು ಅಂದು ಹೇಳಿದ್ದು ಸುಳ್ಳಾಗುವುದಿಲ್ಲ. ಹತ್ತಿರ ಹೋಗಿ, ಕಾಲಿಗೆ ನಮಸ್ಕಾರ ಮಾಡಿ, ಹೆಸರು, ವರ್ಷ ಹೇಳಿ, ಲ್ಯಾಬಿನ ಒಂದು ಘಟನೆ ನೆನಪಿಸಿ. ಬೆಳಕು ಬಂದರೆ ಸಂತೋಷ. ಬರದಿದ್ದರೆ ಕೈ ಹಿಡಿದು ಎರಡು ನಿಮಿಷ ಕೂತು ಬನ್ನಿ.

ನಿದ್ದೆ ಮತ್ತು ಎದೆ ಬಡಿತದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಎಲ್ಲವನ್ನೂ ಸಮ್ಮಿಲನದ ತಲೆಗೆ ಕಟ್ಟಬೇಡಿ. 46ರ ಹೆಂಗಸಿಗೆ ರಾತ್ರಿ ಎದೆ ಹೊಡೆದುಕೊಳ್ಳುವುದಕ್ಕೆ, ನಿದ್ದೆ ಕೆಡುವುದಕ್ಕೆ ಮುಟ್ಟು ನಿಲ್ಲುವ ಮುಂಚಿನ ಏರುಪೇರು ಕಾರಣ ಇರಬಹುದು, ಥೈರಾಯ್ಡ್ ಇರಬಹುದು, ರಕ್ತ ಕಡಿಮೆ ಇರಬಹುದು, ಬಿ.ಪಿ. ಇರಬಹುದು. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ. ಎದೆ ನೋವು, ಉಸಿರು ಕಟ್ಟುವುದು, ಬೆವರುವುದು ಜೊತೆಗೆ ಬಂದರೆ ಒಂದು ದಿನವೂ ಕಾಯಬೇಡಿ. ಅದೆಲ್ಲ ಸರಿ ಇದ್ದು, ಜನರೆದುರು ಹೋಗುವ ಭಯ ಬರೀ ಇದೊಂದಕ್ಕೆ ಅಲ್ಲ, ಮದುವೆ, ಸಂತೆ, ಸಂಬಂಧಿಕರ ಮನೆ ಎಲ್ಲದಕ್ಕೂ ಇದೆ ಅಂತಾದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೋಗಲಾ ಬೇಡವಾ ಅಂತ ಕೇಳಿದ್ದೀರಿ. ಹೋಗದೇ ಇರುವುದು ತಪ್ಪಲ್ಲ. ಕಾಲೇಜಿನಲ್ಲಿ ರ‍್ಯಾಗಿಂಗ್ ಅನುಭವಿಸಿದವರು, ಯಾರಿಂದಲೋ ಕಿರುಕುಳ ಪಟ್ಟವರು, ಜಾತಿಯ ಮಾತು ಕೇಳಿ ನೊಂದವರು ನನ್ನ ಹತ್ತಿರ ಬಂದು ಇದೇ ಪ್ರಶ್ನೆ ಕೇಳಿದ್ದಾರೆ. ಅವರಿಗೆ ನಾನು "ಹೋಗಿ, ಹಳೆಯದು ಮರೆಯಿರಿ" ಅಂತ ಯಾವತ್ತೂ ಹೇಳಿಲ್ಲ. ನೋವು ಕೊಟ್ಟವರ ಜೊತೆ ಗ್ರೂಪ್ ಫೋಟೋದಲ್ಲಿ ನಿಲ್ಲುವ ಸಾಲ ಯಾರ ಮೇಲೂ ಇಲ್ಲ. ನಿಮ್ಮದು ಆ ಥರ ಅಲ್ಲ. ನೀವು ಆ ಜಾಗವನ್ನು ಪ್ರೀತಿಸಿದ್ದೀರಿ. ಹೋಗಬೇಕು ಅನ್ನುವ ಆಸೆ ಇಲ್ಲದಿದ್ದರೆ ಹದಿನೈದು ದಿನ ನಿದ್ದೆ ಕೆಡುತ್ತಿರಲಿಲ್ಲ, "ಆಗಲ್ಲ" ಅಂತ ಒಂದು ಮೆಸೇಜ್ ಹಾಕಿ ಮಲಗುತ್ತಿದ್ದಿರಿ.

ಭಯಕ್ಕೆ ಹೆದರಿ ಬಿಟ್ಟರೆ ಏನಾಗುತ್ತದೆ ಅಂತಲೂ ಹೇಳಬೇಕು. "ಬರಲ್ಲ" ಅಂದ ಕ್ಷಣ ದೊಡ್ಡ ಹಗುರ ಸಿಗುತ್ತದೆ. ಆ ಹಗುರವೇ ತೊಂದರೆ. ತಪ್ಪಿಸಿಕೊಂಡಿದ್ದರಿಂದ ಉಳಿದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. 2003ರಲ್ಲಿ ನಿಮ್ಮ ಜೊತೆ ಆಗಿದ್ದೂ ಇದೇ, ಅಲ್ವಾ?

ಎರಡೂ ದಿನ ಹೋಗಲೇಬೇಕು ಅಂತಿಲ್ಲ. ನನ್ನನ್ನು ಕೇಳಿದರೆ ಶನಿವಾರ ಮಾತ್ರ ಹೋಗಿ. ಶನಿವಾರಕ್ಕೆ ಒಂದು ಕಾರ್ಯಕ್ರಮ ಇದೆ, ಮೇಷ್ಟ್ರುಗಳು ಇರುತ್ತಾರೆ, ಶುರು ಕೊನೆ ಇದೆ. ರೆಸಾರ್ಟ್‌ನ ಭಾನುವಾರಕ್ಕೆ ಇದ್ಯಾವುದೂ ಇರುವುದಿಲ್ಲ. ಇಡೀ ದಿನ ಬರೀ ಮಾತು. ಕೆಲವು ಕಡೆ ಕುಡಿತವೂ ಇರುತ್ತದೆ. ಕುಡಿದ ಮಾತಿನಲ್ಲಿ 25 ವರ್ಷದ ಹಿಂದಿನ ಪ್ರೀತಿ, ಜಗಳ ಎರಡೂ ಮೇಲೆ ಬರುತ್ತವೆ. ಎರಡು ಸಂಸಾರ ಇದರಿಂದ ಅಲ್ಲಾಡಿದ್ದನ್ನು ನಾನು ನೋಡಿದ್ದೇನೆ. ಒಂದೇ ದಿನ ಬರುವವರಿಗೆ ಹಣ ಕಡಿಮೆ ಮಾಡುತ್ತಾರಾ ಅಂತ ನಡೆಸುವವರನ್ನು ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹಣದ ವಿಷಯ ಬಂತಲ್ಲ, ಅದನ್ನೂ ಮುಗಿಸುತ್ತೇನೆ. ವೇದಿಕೆಯ ಮೇಲೆ ದೇಣಿಗೆ ಘೋಷಣೆಗಳು ಆಗುತ್ತವೆ. ಕಾಲೇಜುಗಳು ಈಗ ಹಳೆಯ ವಿದ್ಯಾರ್ಥಿಗಳನ್ನು ಇಷ್ಟು ಉತ್ಸಾಹದಿಂದ ಕರೆಯುವುದಕ್ಕೆ ಪ್ರೀತಿಯ ಜೊತೆ ಇನ್ನೊಂದು ಕಾರಣವೂ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯವರು ಮೌಲ್ಯಮಾಪನ ಮಾಡುವಾಗ ಹಳೆಯ ವಿದ್ಯಾರ್ಥಿಗಳ ಸಂಘ ಇದೆಯಾ, ಅದರಿಂದ ಕಾಲೇಜಿಗೆ ಏನು ನೆರವು ಸಿಕ್ಕಿದೆ ಅಂತ ನೋಡುತ್ತಾರೆ. ಅದು ಕಾಲೇಜಿಗೆ ಬೇಕಾದ್ದು, ನ್ಯಾಯವಾದದ್ದೇ. ಆದರೆ ಪಕ್ಕದವಳು ಇಪ್ಪತ್ತೈದು ಸಾವಿರ ಅಂದಳು ಅಂತ ನೀವು ಐದು ಸಾವಿರ ಅನ್ನಬೇಕಿಲ್ಲ. "ಮನೆಯಲ್ಲಿ ಕೇಳಿ ಹೇಳ್ತೀನಿ" ಅನ್ನುವ ಮಾತು ಇಂಥ ಹೊತ್ತಿಗೇ ಇರುವುದು. ಇನ್ಶೂರೆನ್ಸ್, ಚೀಟಿ, ಸೈಟು, ಯಾವುದೋ ಹಣ ಹೂಡಿಕೆ ಅಂತ ಊಟದ ಸಾಲಿನಲ್ಲಿ ಯಾರಾದರೂ ಮಾತು ತೆಗೆದರೂ ಇದೇ ಉತ್ತರ. ಫೋಟೋ ಫೇಸ್‌ಬುಕ್‌ಗೆ ಹೋಗುವುದು ಬೇಡ ಅನ್ನಿಸಿದರೆ ತೆಗೆಯುವಾಗಲೇ ಹೇಳಿ, ಆಮೇಲೆ ತೆಗೆಸುವುದು ಕಷ್ಟ.

ಇನ್ನೊಂದು ಸಲಹೆ, ಇದು ನನ್ನ ಅನುಭವದ್ದು. ನನ್ನ ಬ್ಯಾಚಿನ ಸಮ್ಮಿಲನಕ್ಕೆ ಹೋದಾಗ ನೇರ ಸಭಾಂಗಣಕ್ಕೆ ನುಗ್ಗಿದೆ. ನೂರು ಧ್ವನಿ ಒಟ್ಟಿಗೆ ಮೈಮೇಲೆ ಬಿದ್ದ ಹಾಗಾಯಿತು, ಅರ್ಧ ಗಂಟೆಯಲ್ಲಿ ತಲೆನೋವು ಹಿಡಿಯಿತು. ಕಾಲೇಜನ್ನು ನೋಡಲೇ ಇಲ್ಲ. ನೀವು ಹಾಗೆ ಮಾಡಬೇಡಿ. ಒಂದು ಗಂಟೆ ಮುಂಚೆ ಹೋಗಿ, ಒಬ್ಬರೇ ಓಡಾಡಿ. ಧಾರವಾಡ ಬದಲಾಗಿದೆ. ನೀವು ಓದುವಾಗ ಚಿಗರಿ ಬಸ್ ಇರಲಿಲ್ಲ, ಊರಲ್ಲಿ ಐಐಟಿ ಇರಲಿಲ್ಲ. ಸಪ್ತಾಪುರದ ರಸ್ತೆಗಳಲ್ಲಿ ಈಗ ಕೋಚಿಂಗ್ ಸೆಂಟರುಗಳ ಬೋರ್ಡುಗಳೇ ಜಾಸ್ತಿ. ಆದರೆ ಲೈನ್ ಬಜಾರಿನಲ್ಲಿ ಪೇಡೆ ಇದೆ, ಸಾಧನಕೇರಿ ಇದೆ, ಕೆಲಗೇರಿ ಕೆರೆಯ ಮೇಲಿನ ಗಾಳಿ ಇದೆ. ಹದಿಹರೆಯದಿಂದ ಮೂವತ್ತರವರೆಗಿನ ನೆನಪುಗಳು ಉಳಿದ ವಯಸ್ಸಿನ ನೆನಪುಗಳಿಗಿಂತ ದಟ್ಟವಾಗಿರುತ್ತವೆ ಅಂತ ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅವು ಮೇಲೆ ಬರುವಾಗ ಕಣ್ಣು ತುಂಬಬಹುದು. ಅದಕ್ಕೆ ಒಬ್ಬರೇ ಇರುವ ಒಂದು ಗಂಟೆ ಕೊಟ್ಟರೆ ಸಭಾಂಗಣದೊಳಗೆ ಕಾಲಿಡುವ ಹೊತ್ತಿಗೆ ಮನಸ್ಸು ನೆಲಕ್ಕೆ ಬಂದಿರುತ್ತದೆ.

ಇನ್ನು ನಿಮ್ಮ ಗೆಳತಿ.

ಬಸುರಿ ಸಾವಿನ ಮನೆಗೆ ಹೋಗಬಾರದು ಅನ್ನುವುದು ನಮ್ಮ ಎಷ್ಟೋ ಮನೆಗಳ ರೂಢಿ. 24 ವಯಸ್ಸಿನ ಸೊಸೆ, ಏಳು ತಿಂಗಳು, ಹಿರಿಯರು ಬೇಡ ಅಂದರು. ನೀವು ಹೋಗದಿದ್ದುದರಲ್ಲಿ ನಿಮ್ಮ ಪಾಲು ಕಡಿಮೆ, ನಿಮ್ಮ ಗೆಳತಿಗೂ ಅದು ಅರ್ಥವಾಗಿರಬಹುದು. ನೋವಾಗಿದ್ದರೆ ಆಮೇಲಿನ ಮೌನದಿಂದ ಆಗಿರುತ್ತದೆ. ನಿಮಗೂ ಇದು ಗೊತ್ತು, ಅದಕ್ಕೇ "ಫೋನೂ ಮಾಡಲಿಲ್ಲ" ಅಂತ ಬೇರೆಯಾಗಿ ಬರೆದಿದ್ದೀರಿ.

ಆ ಮೌನ ಹೇಗೆ ಬೆಳೆಯುತ್ತದೆ ಅಂತ ನೋಡಿ. ಮೊದಲ ವಾರ ಫೋನ್ ಮಾಡಲು ಧೈರ್ಯ ಇಲ್ಲ. ಹದಿಮೂರು ದಿನ ಕಳೆದ ಮೇಲೆ "ಈಗ ಮಾಡಿದರೆ ಏನು ಅಂದುಕೊಳ್ತಾಳೋ." ಮಗು ಹುಟ್ಟಿದ ಮೇಲೆ "ನನ್ನ ಸಂತೋಷದ ಸುದ್ದಿ ಹೇಗೆ ಹೇಳಲಿ." ವರ್ಷ ಆದ ಮೇಲೆ ಮೊದಲ ತಪ್ಪಿನ ಜೊತೆ ವರ್ಷದ ತಡವೂ ತಪ್ಪಾಗಿ ಸೇರುತ್ತದೆ. ತಡ ಆದಷ್ಟೂ ನಾಚಿಕೆ ಜಾಸ್ತಿ, ನಾಚಿಕೆ ಜಾಸ್ತಿ ಆದಷ್ಟೂ ತಡ. ಪ್ರೀತಿ ಇಲ್ಲದ ಕಡೆ ಹೀಗಾಗುವುದಿಲ್ಲ. ರೊಟ್ಟಿ ಬುಟ್ಟಿ ತಂದ ಮನುಷ್ಯ ಆದ್ದರಿಂದಲೇ ನಿಮಗೆ 22 ವರ್ಷ ಆದರೂ ಇದು ಹೋಗಿಲ್ಲ.

ನನ್ನ ಅನುಮಾನ ಹೀಗಿದೆ. ನೀವು ಸಭಾಂಗಣದ ಬಾಗಿಲಲ್ಲಿ ನಿಂತ ಹಾಗೆ ಕಲ್ಪಿಸಿಕೊಂಡಾಗ ಎದೆ ಹೊಡೆದುಕೊಳ್ಳುವುದು ಕಾರು, ಮನೆಯವರನ್ನು ನೆನೆದು ಅಲ್ಲ. ಒಳಗೆ ನಿಮ್ಮ ಗೆಳತಿ ಇರುತ್ತಾರಲ್ಲ, ಅದಕ್ಕೆ. ಹಾಗಾಗಿ ಈ ಮಾತನ್ನು ಸಮ್ಮಿಲನಕ್ಕೆ ತೆಗೆದುಕೊಂಡು ಹೋಗಬೇಡಿ, ಮುಂಚೆಯೇ ಮುಗಿಸಿ. ಸಭಾಂಗಣದಲ್ಲಿ ಎಲ್ಲರೆದುರು ತಬ್ಬಿಕೊಂಡು ಅತ್ತು ಕ್ಷಮೆ ಕೇಳುವುದು ನೋಡುವವರಿಗೆ ಚೆನ್ನಾಗಿರಬಹುದು. ಆದರೆ ಎದುರಿನವರಿಗೆ ದಾರಿ ಇರುವುದಿಲ್ಲ. ಸಿಟ್ಟಿದ್ದರೂ "ಬಿಡೇ, ಇರಲಿ" ಅನ್ನಬೇಕಾಗುತ್ತದೆ. 22 ವರ್ಷದ ಮೇಲೆ ಅವರ ಅಪ್ಪನ ಸಾವನ್ನು ಅವರು ಸಿದ್ಧರಿಲ್ಲದ ಹೊತ್ತಿನಲ್ಲಿ ಎದುರಿಗೆ ಹಿಡಿಯುವುದು ಸರಿಯಲ್ಲ.

ಗ್ರೂಪಿನಲ್ಲಿ ಅವರ ನಂಬರ್ ಇದೆ. ಅವರಿಗೆ ಮಾತ್ರ ಬರೆಯಿರಿ. ನೀವಿಬ್ಬರೂ ಹಾಸ್ಟೆಲ್‌ನಲ್ಲಿ ಮಾತಾಡುತ್ತಿದ್ದ ಮಾತಿನಲ್ಲೇ ಬರೆಯಿರಿ, ಹೀಗೆ ಏನಾದರೂ:

"ನಿಮ್ಮ ಅಪ್ಪಾರು ಹೋದಾಗ ನಾ ಬರಲಿಲ್ಲ. ಒಂದು ಫೋನೂ ಮಾಡಲಿಲ್ಲ. ಅದು ನನ್ನ ತಪ್ಪು. ಅವರು ತರ್ತಿದ್ದ ರೊಟ್ಟಿ ಬುಟ್ಟಿ ಇನ್ನೂ ನೆನಪದ. ನಿನ್ನ ಕ್ಷಮಾ ಕೇಳಬೇಕು ಅಂತ ಭಾಳ ವರ್ಷದಿಂದ ಮನಸ್ಸಿನಾಗ ಇತ್ತು. ನೀ ಈಗ ಉತ್ತರ ಕೊಡಬೇಕಂತೇನಿಲ್ಲ."

ಇದರಲ್ಲಿ ಬಸುರಿಯ ಮಾತು ಇಲ್ಲ, ಅತ್ತೆ ಮನೆಯ ಮಾತು ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಆ ಕಾರಣ ನಿಜ, ಆದರೆ ಕ್ಷಮೆ ಕೇಳುವ ಮೊದಲ ಮಾತಿನಲ್ಲೇ ಕಾರಣ ಬಂದರೆ ಓದುವವರಿಗೆ ಅದು ಸಮಜಾಯಿಷಿಯ ಹಾಗೆ ಕಾಣುತ್ತದೆ. ಅವರು "ಯಾಕ ಬರಲಿಲ್ಲ" ಅಂತ ಕೇಳಿದರೆ ಆಗ ಹೇಳಿ. ಕೊನೆಯ ವಾಕ್ಯ ಮಾತ್ರ ಬಿಡಬೇಡಿ. ಉತ್ತರ ಕೊಡದಿರುವ ಸ್ವಾತಂತ್ರ್ಯ ಅವರಿಗೆ ಇರಲಿ.

ಬೆರಳು ಕಳಿಸುವ ಗುಂಡಿಯ ಮೇಲೆ ನಿಂತುಬಿಡುತ್ತದೆ, ಅದೂ ಗೊತ್ತು. ಕೆನಡಾ ಮತ್ತು ಬ್ರಿಟನ್‌ನ ಇಬ್ಬರು ಮನಶ್ಶಾಸ್ತ್ರಜ್ಞರು 2024ರಲ್ಲಿ ಇದರ ಬಗ್ಗೆಯೇ ಅಧ್ಯಯನ ಪ್ರಕಟಿಸಿದರು. ದೂರವಾದ ಹಳೆಯ ಗೆಳೆಯರಿಗೆ ಬರೆಯುವ ಆಸೆ ಇದ್ದವರನ್ನು ಕೂರಿಸಿ, ಸಮಯ ಕೊಟ್ಟು, ಸಂದೇಶ ಬರೆಸಿದರು. ಬರೆದ ಮೇಲೂ ಕಳಿಸಿದವರು ಮೂರರಲ್ಲಿ ಒಬ್ಬರಷ್ಟೂ ಇರಲಿಲ್ಲ. ಮೊದಲು ಈಗಿನ ಗೆಳೆಯರಿಗೆ ಕೆಲವು ನಿಮಿಷ ಮೆಸೇಜ್ ಮಾಡಿ ರೂಢಿ ಮಾಡಿಕೊಂಡವರಲ್ಲಿ ಮಾತ್ರ ಜಾಸ್ತಿ ಜನ ಕಳಿಸಿದರು. ನೀವೂ ಹಾಗೇ ಮಾಡಿ. ಸಂಜೆ ಟ್ಯೂಷನ್ ಮುಗಿದ ಮೇಲೆ ನಿಮ್ಮ ಅಕ್ಕನಿಗೋ, ಪಕ್ಕದ ಮನೆಯವರಿಗೋ, ನಾಲ್ಕು ಜನರಿಗೆ ಸುಮ್ನೆ ಕ್ಷೇಮ ಕೇಳಿ ಬರೆಯಿರಿ. ಐದನೆಯದು ಇದು. ಕಳಿಸಿ ಫೋನನ್ನು ಬೇರೆ ಕೋಣೆಯಲ್ಲಿಡಿ.

ಅವರು ಉತ್ತರ ಕೊಡದಿರಬಹುದು. ಎರಡು ನೀಲಿ ಗೆರೆ ಬಂದು ಹಾಗೇ ಉಳಿಯಬಹುದು. ಅಥವಾ ಗಟ್ಟಿಯಾಗಿ ನಾಲ್ಕು ಮಾತು ಅನ್ನಬಹುದು, ಅದು ಅವರ ಹಕ್ಕು. ಹಾಗಾದರೂ ನೀವು ಶನಿವಾರ ಹೋಗಬಹುದು, ದೂರದಿಂದ ಕೈಮುಗಿದು ನಿಮ್ಮ ಪಾಡಿಗೆ ಇರಬಹುದು. ಮತ್ತೆ ಮತ್ತೆ ಬರೆಯಬೇಡಿ, ಬೇರೆ ಗೆಳತಿಯರನ್ನು ಮಧ್ಯಸ್ಥಿಕೆಗೆ ಕಳಿಸಬೇಡಿ.

ಉತ್ತರ ಬಂದರೆ, ಶನಿವಾರ ಊಟಕ್ಕೆ ಅವರ ಪಕ್ಕ ಕೂರಿ. ಹಳೆಯ ತಪ್ಪಿನ ಮಾತು ಮತ್ತೆ ತೆಗೆಯಬೇಡಿ. ಅವರ ಅಪ್ಪನ ಮಾತು ತೆಗೆಯಿರಿ: ಬುಟ್ಟಿ ಹಿಡಿದು ಹಾಸ್ಟೆಲ್ ಗೇಟಿನ ಹತ್ತಿರ ಹೇಗೆ ನಿಲ್ಲುತ್ತಿದ್ದರು, ನಿಮ್ಮನ್ನು ಏನಂತ ಕರೆಯುತ್ತಿದ್ದರು, ಚಟ್ನಿ ಎಷ್ಟು ಖಾರ ಇರುತ್ತಿತ್ತು. ಆ ಗೇಟಿನ ಅಪ್ಪನನ್ನು ನೋಡಿದವರು ಈಗ ಅವರ ಮನೆಯಲ್ಲೂ ಯಾರೂ ಇರಲಿಕ್ಕಿಲ್ಲ.